ಭಾನುವಾರ ಇಳಿಹೊತ್ತಿನ ಹೋಬರ್ಟ್ ಕಾಡಿಲ್

ಹೋಬರ್ಟ್ ಕಾಡಿಲನನ್ನು ನೋಡಿದವರ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಅವನ ಎಡಗೈ ಹೆಬ್ಬೆರಳಿನ ಉಗುರು. ಉಳಿದ ಉಗುರುಗಳೆಲ್ಲ ಕಲ್ಲಿದ್ದಲ ಗಣಿಯಲ್ಲಿ ಸವೆದು ಮೋಟಾಗಿ, ಅಂಚಿಗೆ ಎಂದೂ ಹೋಗದ ಕಪ್ಪು ಕಟ್ಟಿಕೊಂಡು ಕೂತಿದ್ದರೆ, ಅದೊಂದು ಮಾತ್ರ ಉದ್ದಕ್ಕೆ ಬೆಳೆದು ಮುತ್ತಿನ ಚಿಪ್ಪಿನ ಹಾಗೆ ಹೊಳೆಯುತ್ತಿತ್ತು. ಭಾನುವಾರದ ಸ್ನಾನವನ್ನಾದರೂ ತಪ್ಪಿಸಿಯಾನು, ಆ ಉಗುರನ್ನು ಉಪ್ಪು ಹಚ್ಚಿ ತಿಕ್ಕುವುದನ್ನು ಅವನು ತಪ್ಪಿಸಿದ್ದನ್ನು ಕಂಡವರಿಲ್ಲ. ಬಂದೂಕಿನ ಹಿಂಬಾಯಿಯಲ್ಲಿ ಆ ಉಗುರನ್ನು ಓರೆಯಾಗಿಟ್ಟು, ಮುಂಬಾಯಿಗೆ ಕಣ್ಣು ಕೊಟ್ಟು ನೋಡಿದರೆ, ಉಗುರಿನ ಮೇಲೆ ಬಿದ್ದ ಬೆಳಕು ನಳಿಗೆಯ ಉದ್ದಕ್ಕೂ ಹರಿದು, ಒಳಗಿನ ತುಕ್ಕು, ಗೀರು, ಸವಕಲು ಎಲ್ಲವನ್ನೂ ಬಿಚ್ಚಿ ತೋರಿಸುತ್ತಿತ್ತಂತೆ. ಅದಕ್ಕೆಂದೇ ಮಾಡಿದ ಪುಟ್ಟ ದೀಪಗಳನ್ನು ಮಾರುವವರೂ ಬಂದೂಕು ಮೇಳದಲ್ಲೇ ಇದ್ದರು. "ಅವರ ದೀಪದಲ್ಲಿ ಅವರ ಮಾಲು ಚೆನ್ನಾಗೇ ಕಾಣುತ್ತೆ" ಎಂದು ಹೋಬರ್ಟ್ ಮೂಗು ಮುರಿಯುತ್ತಿದ್ದ.

ಪೂರ್ವ ಕೆಂಟಕಿಯ ನಮ್ಮ ಬೆಟ್ಟದ ಸೀಮೆಯಲ್ಲಿ ಬಂದೂಕು ಮೇಳ ಕೂಡುವುದು ದನಗಳನ್ನು ಹರಾಜು ಹಾಕುವ ತಗಡಿನ ಕೊಟ್ಟಿಗೆಯಲ್ಲಿ. ಎಷ್ಟು ತೊಳೆದರೂ ಸಗಣಿಯ ಘಮ ಬಿಡದ ಆ ನೆಲದ ಮೇಲೆ ಸಾಲುಸಾಲು ಮೇಜುಗಳು, ಮೇಜಿನ ಮೇಲೆ ಎಣ್ಣೆ ಹಚ್ಚಿ ಮಲಗಿಸಿದ ಬಂದೂಕುಗಳು, ಬಾಗಿಲ ಬಳಿಯ ಮೂಲೆಯಲ್ಲಿ ಒಣಸೇಬಿನ ಕರಿಗಡುಬು, ಬೇಯಿಸಿದ ಹುರುಳಿ, ಜೋಳದ ರೊಟ್ಟಿ ಮಾರುತ್ತ ನಾನು. ಗಂಡ ತೀರಿಕೊಂಡ ಮೇಲೆ ಹಿಡಿದ ಕಸುಬು ಅದು. ಕೈ ಕಡುಬು ಕಟ್ಟುತ್ತಿರುತ್ತದೆ, ಕಿವಿ ಬಿಡುವಾಗಿರುತ್ತದೆ; ಹೋಬರ್ಟನ ಮಾತೆಲ್ಲ ನನ್ನ ಕಿವಿಗೆ ಬಿದ್ದದ್ದು ಹಾಗೆ.

ಆ ಕೊಟ್ಟಿಗೆಗೆ ಅದರದೇ ಒಂದು ಕಟ್ಟಳೆಯಿತ್ತು. ಹಿಂದೆ ಯಾರೋ ಒಬ್ಬ ಬಂದೂಕು ಬರಿದು ಎಂದುಕೊಂಡು, ಗುಂಡು ಹಾರಿಸುವ ಕೀಲಾದ ಕುದುರೆಯನ್ನು ಎಳೆದಾಗ ಗುಂಡು ಹಾರಿ ಸೂರಿನ ತಗಡು ತೂತಾಗಿತ್ತು. ಅಂದಿನಿಂದ, ಬಂದೂಕಿನ ಹಿಂಬಾಗಿಲನ್ನು ಮುಚ್ಚಿ ಭದ್ರ ಮಾಡುವ ಉಕ್ಕಿನ ಅಗುಳಿಯನ್ನು ಕಳಚಿ ಬೇರೆ ಇಡಬೇಕು, ಮಾರಾಟವಾದ ಮೇಲೆಯೇ ಅದನ್ನು ಕೊಳ್ಳುವವನ ಕೈಗೆ ಕೊಡಬೇಕು ಎಂದು ಹಿರಿಯರು ಗೊತ್ತು ಮಾಡಿದ್ದರು. ಹೀಗಾಗಿ ಪ್ರತಿ ಮೇಜಿನ ಕೆಳಗೂ ಅಗುಳಿಗಳನ್ನು ತುಂಬಿದ ಒಂದು ಹಳೆಯ ಕಾಫಿ ಡಬ್ಬಿ ಇರುತ್ತಿತ್ತು. ಸೂರಿನ ತೂತನ್ನು ಮಾತ್ರ ಯಾರೂ ಮುಚ್ಚಲಿಲ್ಲ. ಬಿಸಿಲಿದ್ದ ದಿನ ಅದರಿಂದ ಇಳಿದ ಬೆಳಕಿನ ಬಿಲ್ಲೆ ಹೊತ್ತು ಸರಿದಂತೆ ನೆಲದ ಮೇಲೆ ತೆವಳುತ್ತಿತ್ತು. ಹೋಬರ್ಟ್ ಒಂದು ಸಲವೂ ಅದನ್ನು ತುಳಿಯದೆ ಸುತ್ತಿ ಹೋಗುತ್ತಿದ್ದ.

ಗಣಿಯ ಸೂರು ಕುಸಿದು ಸೊಂಟ ಮುರಿದಿದ್ದರಿಂದ ಅವನದು ಏಡಿಯಂತೆ ಅಡ್ಡಡ್ಡ ನಡಿಗೆ. ಮೈಮೇಲೆ ಸದಾ ಒಂದು ಕಂದು ಬಣ್ಣದ ದಪ್ಪ ಕೋಟು, ಮೊಣಕೈಗೆ ಹೆಂಡತಿ ಬದುಕಿದ್ದಾಗ ಹಾಕಿದ ತೇಪೆ. ಬೇಕಾದ ವಸ್ತುವಿಗೆ ಬೆನ್ನು ತಿರುಗಿಸಿ ನಿಂತು, ಬೇಡದ್ದೊಂದನ್ನು ಕೈಯಲ್ಲಿ ಹಿಡಿದು, ಮಳೆಯ ವಿಚಾರ ಮಾತಾಡುತ್ತ, ಹೊರಡುವಾಗ ನೆನಪಾಯಿತೆನ್ನುವಂತೆ, "ಅದಿರಲಿ, ಆ ಹಿಂದುಗಡೆದಕ್ಕೆ ಏನಂತೀಯ?" ಎನ್ನುತ್ತಿದ್ದ. ಎಲ್ಲರಿಗೂ ಅವನ ಆಟ ಗೊತ್ತು. ಆದರೂ ಎಲ್ಲರೂ ಅದಕ್ಕೆ ಬೀಳುತ್ತಿದ್ದರು.

ಎರಡು ದಿನದ ಮೇಳದಲ್ಲಿ ಶನಿವಾರ ಅವನು ಏನನ್ನೂ ಕೊಳ್ಳುತ್ತಿರಲಿಲ್ಲ, ಯಾರಿಗೂ ಕೊಳ್ಳಬಿಡುತ್ತಿರಲಿಲ್ಲ. ಹೊಸದಾಗಿ ಮದುವೆಯಾದ ಹುಡುಗನೊಬ್ಬ ಶನಿವಾರ ಬೆಳಿಗ್ಗೆಯೇ ಒಂದು ಪಿಸ್ತೂಲನ್ನು ಕೊಂಡು, ಬೀಗುತ್ತ ಬಂದು ತೋರಿಸಿದಾಗ ಹೋಬರ್ಟ್ ಹೇಳಿದ್ದು ನನಗೆ ಇನ್ನೂ ನೆನಪಿದೆ. "ಕೇಳಿಲ್ಲಿ. ಇದೇ ಮಾಲು ಪೇಟೆ ಅಂಗಡೀಲಿ ಇದಕ್ಕಿಂತ ಕಮ್ಮಿಗೆ ನೇತಾಡ್ತಿದೆ, ಒಳಗೆ ಹೋಗೋಕೆ ಟಿಕೇಟೂ ಇಲ್ಲ. ಟಿಕೇಟು ಕೊಟ್ಟು ಒಳಗೆ ಬಂದವನು ಬರಿಗೈಲಿ ಹೊರಗೆ ಹೋಗೋಕೆ ನಾಚ್ಕೋತಾನೆ ನೋಡು, ಇವರು ಬೆಲೆ ಹಾಕೋದು ಆ ನಾಚಿಕೆಗೆ."

ಮೇಳದಲ್ಲಿ ಅಗ್ಗ ಸಿಗುತ್ತದೆಯೋ ಇಲ್ಲವೋ ಎಂದು ನೇರವಾಗಿ ಕೇಳಿದರೆ, ಭಾನುವಾರ ಇಳಿಹೊತ್ತಿಗೆ ಬಾ ಎನ್ನುತ್ತಿದ್ದ. ಎರಡು ದಿನ ನಿಂತು ಕಾಲು ಊದಿದವನಿಗೆ, ಮತ್ತೆ ಇಷ್ಟೆಲ್ಲ ಭಾರ ಲಾರಿಗೆ ಹೇರಬೇಕಲ್ಲ ಎಂಬ ಬೇಸರ ಮುಖದಲ್ಲಿ ಮೂಡುವ ಗಳಿಗೆಯೊಂದಿದೆ, ಕೊಳ್ಳುವವನ ಹೊತ್ತು ಅದೊಂದೇ ಎನ್ನುವುದು ಅವನ ಸಿದ್ಧಾಂತ. ನಳಿಗೆಗೆ ಕಡ್ಡಿ ಸಿಕ್ಕಿಸಿ, ಕಡ್ಡಿಗೆ ಬೆಲೆಯ ಚೀಟಿ ಅಂಟಿಸಿ, ತನ್ನ ಬಂದೂಕನ್ನು ತಾನೇ ಹೆಗಲ ಮೇಲಿಟ್ಟು ಮಾರಲು ತಿರುಗುವವರೊಡನೆ ಮಾತ್ರ ಅವನು ಚೌಕಾಸಿ ಮಾಡುತ್ತಿರಲಿಲ್ಲ. ಅಂಥವನೊಬ್ಬನನ್ನು ತಡೆದು, ಮುಖವನ್ನು ಬಹಳ ಹೊತ್ತು ನೋಡಿ, "ನಿಮ್ಮಪ್ಪಂದಾ ಇದು? ಮನೆಗೆ ಒಯ್ಯಿ" ಎಂದುಬಿಟ್ಟಿದ್ದ. ಆ ಮನುಷ್ಯ ತಲೆ ತಗ್ಗಿಸಿ ನನ್ನ ಮೇಜಿಗೆ ಬಂದು, ಹುರುಳಿ ತಿಂದು, ನಿಜವಾಗಿಯೂ ಮನೆಗೆ ಒಯ್ದ.

ಹೀಗೆ ಅವನ ತೀರ್ಪುಗಳು ಎರಡೇ: "ಬಿಟ್ಬಿಡು", ಇಲ್ಲವೆ "ಮನೆಗೆ ಒಯ್ಯಿ". ತೀರ್ಪಿಗೆ ಮುಂಚೆ ಗಂಟಲು ಸರಿಮಾಡಿಕೊಂಡು "ಕೇಳಿಲ್ಲಿ" ಎನ್ನುವುದು. ಆಮೇಲೆ ಯಾರೂ ಎದುರು ಮಾತಾಡುತ್ತಿರಲಿಲ್ಲ. ಉಗುರು ನೋಡಿತಲ್ಲ, ಇನ್ನೇನು.

ಜನ ಅದನ್ನು ಜಾಣತನ ಎನ್ನುತ್ತಿದ್ದರು. ನನಗೆ ಅದರ ತಳದಲ್ಲಿ ಕಂಡದ್ದು ಹೆದರಿಕೆ. ಅವನ ತಮ್ಮ ಎಳೆಯ ವಯಸ್ಸಿನಲ್ಲಿ, ಯಾರೋ ಅಗ್ಗಕ್ಕೆ ಕೊಟ್ಟ ಬಂದೂಕನ್ನು ಕೆನ್ನೆಗೆ ಒತ್ತಿ ಕುದುರೆ ಎಳೆದಾಗ ಅದು ಮುಂದಕ್ಕೆ ಹಾರುವ ಬದಲು ಹಿಂದಕ್ಕೆ ಸಿಡಿದಿತ್ತು. ನಳಿಗೆಗೂ ಅಗುಳಿಗೂ ಒಂದೇ ಅಂಕಿ ಒತ್ತಿರುತ್ತಾರೆ, ಯಾಕೆಂದರೆ ಒಂದಕ್ಕೊಂದು ಹೊಂದಿಸಿ ತಿಕ್ಕಿ ಮಾಡಿದ ಜೋಡಿ ಅದು. ಬೇರೆ ಬಂದೂಕಿನ ಅಗುಳಿ ಹೊಕ್ಕು ಕೂದಲೆಳೆಯಷ್ಟು ಸಂದು ಉಳಿದರೂ ಸಾಕು, ಬೆಂಕಿ ಆ ಸಂದಿನಿಂದ ಮುಖಕ್ಕೆ ಬರುತ್ತದೆ. ತಮ್ಮ ಬದುಕಿದ, ಒಂದು ಕಣ್ಣು ಹೋಯಿತು. ಆ ಬಳಿಕ ಊಟಕ್ಕೆ ಕೂತಾಗ ಅವನ ಕುರುಡು ಮಗ್ಗುಲಿಗೇ ಹೋಬರ್ಟ್ ಕೂರುತ್ತಿದ್ದ, ನೀರಿನ ಜಗ್ಗು ತಮ್ಮನ ಕೈಗೆ ತಾಗಿ ಚೆಲ್ಲದಿರಲೆಂದು. ಅಂಕಿ ಓದದೆ ಅವನು ಯಾವ ಬಂದೂಕನ್ನೂ ಒಪ್ಪುತ್ತಿರಲಿಲ್ಲ.

ಆ ನವೆಂಬರಿನ ಭಾನುವಾರದವರೆಗೆ.

ಮುಂದಿನ ಶನಿವಾರ ಜಿಂಕೆ ಬೇಟೆಯ ಋತು ಶುರುವಾಗುವುದಿತ್ತು. ಎಸ್ಟಿಲ್ ನೇಪಿಯರ್ ಎಂಬ ನಮ್ಮ ಕಡೆಯವನೇ, ಅಂಗಡಿಯವನಲ್ಲ, ಹವ್ಯಾಸಕ್ಕೆ ಕೂಡಿಟ್ಟದ್ದನ್ನು ಮಾರುವವನು, ಯಾವುದೋ ದೂರದೇಶದ ಸೈನ್ಯ ಕೈಬಿಟ್ಟ ಹಳೆಯ ಬಂದೂಕುಗಳನ್ನು ತಂದಿದ್ದ. ಎಲ್ಲ ಒಂದೇ ಅಚ್ಚಿನವು, ಅಣ್ಣತಮ್ಮಂದಿರ ಹಾಗೆ. ಮಧ್ಯಾಹ್ನ ನನ್ನ ಬಳಿ ಕಡುಬು ಕೊಂಡ ಒಬ್ಬ ಹೆಣ್ಣುಮಗಳು, ನಲವತ್ತರ ಆಸುಪಾಸು, ಕೆಂಪು ಟೊಪ್ಪಿ ಹಾಕಿದ್ದವಳು, "ಇನ್ನೆರಡು ಕಟ್ಟಿಕೊಡಜ್ಜಿ. ಅಪ್ಪನಿಗೆ ಹಲ್ಲಿಲ್ಲ, ಇದನ್ನಾದ್ರೆ ಒಸಡಲ್ಲೇ ಅರೆದು ತಿಂತಾನೆ" ಎಂದಳು. ಅಪ್ಪನ ಬಂದೂಕು ಪ್ರವಾಹದಲ್ಲಿ ಕೊಚ್ಚಿಹೋಗಿದೆ, ಈ ಸಲವಾದರೂ ಅವನು ಬೇಟೆಗೆ ಕೂರಬೇಕು, ಮುಂದಿನ ವರ್ಷ ಇರುತ್ತಾನೋ ಇಲ್ಲವೋ ಎಂದಳು. "ಸೇತುವೆನೂ ಹೋಯ್ತು, ಕಲ್ಲುಗಣಿ ಸುತ್ತಿ ಬರೋಷ್ಟರಲ್ಲಿ ನಡು ಮುರೀತು" ಎಂದಳು. ನಾನೇ ಅವಳಿಗೆ ಹೋಬರ್ಟನನ್ನು ತೋರಿಸಿದೆ.

ಹೋಬರ್ಟ್ ಅವಳಿಗಾಗಿ ಎಸ್ಟಿಲನ ಮೇಜಿಗೆ ಬೆನ್ನು ತಿರುಗಿಸಿ ನಿಂತ. ಅಂಥ ಚೌಕಾಸಿಯನ್ನು ನಾನು ಕಂಡಿಲ್ಲ. ಎಸ್ಟಿಲ್ ನಕ್ಕ, ಗೊಣಗಿದ, ಟೊಪ್ಪಿ ತೆಗೆದು ನೆಲಕ್ಕೆ ಬಡಿದ, ಕೊನೆಗೆ "ತಗೊಂಡು ಸಾಯಿ" ಎಂದ. ಬೆಲೆ ಎಷ್ಟು ಕೆಳಗಿಳಿಯಿತೆಂದರೆ, ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಹೋಬರ್ಟನ ಕಿವಿ ಕೆಂಪಾಯಿತು. ಎಸ್ಟಿಲ್ ಮನಸ್ಸು ಬದಲಿಸುವ ಮೊದಲು ಮುಗಿಸಬೇಕೆಂಬ ಆತುರ ಅವನಿಗೆ. ಎಸ್ಟಿಲ್ ಲಾರಿಗೆ ಸಾಮಾನು ಹೇರಲು ಹೊರಟಿದ್ದ. "ಅಗುಳಿ ನಾನೇ ತೆಗೀತೀನಿ ಬಿಡು" ಎಂದು ಹೋಬರ್ಟ್ ಡಬ್ಬಿಗೆ ಕೈಹಾಕಿದ. ಉಗುರಿಟ್ಟು ನಳಿಗೆ ನೋಡಿದ. ಅಗುಳಿ ನೂಕಿದ. ಅದು ಬೆಣ್ಣೆಯಲ್ಲಿ ಚಾಕು ಇಳಿದಂತೆ ಕೂತಿತು.

"ಕೇಳಿಲ್ಲಿ ಮಗಳೇ. ಮನೆಗೆ ಒಯ್ಯಿ."

ಅವಳ ಹೆಸರನ್ನು ಯಾರೂ ಕೇಳಲಿಲ್ಲ. ಮೇಜಿನ ಮೇಲಿನ ವ್ಯಾಪಾರದಲ್ಲಿ ಹೆಸರು ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಕೇಳಿದರೆ, ನಿನ್ನ ಮೇಲೆ ಅನುಮಾನವಿದೆ ಎಂದಂತೆ.

ಕೊಟ್ಟಿಗೆ ಖಾಲಿಯಾಗುತ್ತಿತ್ತು. ನಾನು ಬಾಣಲೆ ಒರೆಸುತ್ತಿದ್ದೆ. ಎಸ್ಟಿಲ್ ಉಳಿದ ಬಂದೂಕುಗಳಿಗೆ ಅಗುಳಿ ಜೋಡಿಸುತ್ತ ಬಂದು, ಕೊನೆಯದರ ಹತ್ತಿರ ತಡೆದು, ಡಬ್ಬಿಯಲ್ಲಿ ಉಳಿದ ಅಗುಳಿಯನ್ನು ಬೆಳಕಿಗೆ ಹಿಡಿದು ಅಂಕಿಯನ್ನು ಮತ್ತೊಮ್ಮೆ ಓದಿ, "ಹೋಬರ್ಟ್, ಈ ಅಗುಳಿ ಆ ಹೆಂಗಸಿಂದು" ಎಂದ.

ಹೋಬರ್ಟ್ ಕಡುಬನ್ನು ಬಾಯಿಗೆ ಒಯ್ಯುತ್ತಿದ್ದವನು ಹಾಗೆಯೇ ಕೆಳಗಿಟ್ಟ. ಬಾಗಿಲಿಗೆ ಹೋದ. ಹೊರಗೆ ಕೆಸರಲ್ಲಿ ಗಾಲಿಯ ಗುರುತು ಮಾತ್ರ ಇತ್ತು.

"ಏನೂ ಆಗಲ್ಲ ಬಿಡೋ" ಎಂದ ಎಸ್ಟಿಲ್. "ಒಂದೇ ಕಾರ್ಖಾನೆ ಮಾಲು. ಎಷ್ಟೋ ಜನ ಹಂಗೇ ಹಾರಿಸ್ತಾರೆ."

"ಎಷ್ಟೋ ಜನ ಅಂದ್ರೆ ನೀನಾ? ಹಾರಿಸು ಹಂಗಾದ್ರೆ, ನಾನು ನೋಡ್ತೀನಿ."

"ನಾನ್ಯಾಕೆ? ಡಬ್ಬೀಗೆ ಕೈ ಹಾಕಿದ್ದು ನೀನು. ಬೆಲೆ ಇಳಿಸಿದ್ದೂ ನೀನೇ. ಇಳಿದ ಬೆಲೆಗೆ ಇಳಿದ ಅಗುಳಿ."

ಯಾರೂ ನಗಲಿಲ್ಲ. ಹೋಬರ್ಟ್ ಕೈಚಾಚಿದ. ಎಸ್ಟಿಲ್ ಅಗುಳಿಯನ್ನು ಅವನ ಅಂಗೈಮೇಲಿಟ್ಟು, ಕಣ್ಣು ತಪ್ಪಿಸಿ ಲಾರಿ ಹತ್ತಿದ.

ಸೋಮವಾರ ಬೆಳಿಗ್ಗೆ, ಹಳೆಯ ಸಾಮಾನು ಕೊಳ್ಳುವ ಮಾರುವವರಿಗೆಂದು ನಮ್ಮೂರ ರೇಡಿಯೋದಲ್ಲಿ ಬರುವ ಕಾರ್ಯಕ್ರಮದಲ್ಲಿ, ಕೋಳಿಮರಿ ಮತ್ತು ಟ್ರ್ಯಾಕ್ಟರಿನ ಪ್ರಕಟಣೆಗಳ ನಡುವೆ, ಹೋಬರ್ಟನ ದನಿ ಬಂತು. ಕೆಂಪು ಟೊಪ್ಪಿಯ ಹೆಣ್ಣುಮಗಳು ಯಾರೇ ಆಗಲಿ, ಬಂದೂಕು ಹಾರಿಸಬೇಡಿ, ದಯವಿಟ್ಟು ಎಂದ. ಆ 'ದಯವಿಟ್ಟು' ಕೇಳಿ ನಾನು ಒಲೆ ಆರಿಸಿದೆ. ಅವನ ಬಾಯಿಂದ ಆ ಮಾತನ್ನು ಎಂದೂ ಕೇಳಿರಲಿಲ್ಲ. ಆದರೆ ಆಳದ ಕಣಿವೆಗಳಲ್ಲಿ ರೇಡಿಯೋ ಸಿಗುವುದಿಲ್ಲ. ಯಾರೂ ಬರಲಿಲ್ಲ. ಮಂಗಳವಾರ ಅವನು ನನ್ನ ಅಂಗಳಕ್ಕೆ ಗಾಡಿ ತಂದು ನಿಲ್ಲಿಸಿ, ಇಳಿಯದೆಯೇ ಕೂಗಿದ. "ವರ್ನಾ, ಅವಳು ಮಾತಾಡಿದ್ದು ನಿನ್ನ ಹತ್ರ. ಏನಂದ್ಲು ಅಷ್ಟನ್ನೂ ಹೇಳು."

ಹೇಳಿದೆ. ಸೇತುವೆ ಹೋದದ್ದು, ಕಲ್ಲುಗಣಿ ಸುತ್ತುವುದು. ಕಲ್ಲುಗಣಿಯ ಆಚೆ ಸೇತುವೆ ಕಳೆದುಕೊಂಡ ಕಣಿವೆಗಳು ಒಂದಲ್ಲ. ಮುಖ ಗುರುತಿಸಲು ನಾನಿರಲಿ ಎಂದು ಜೊತೆಗೆ ಹತ್ತಿದೆ.

ಬೇಟೆಯ ಋತು ಶುರುವಾಗುವ ಮುಂಚಿನ ವಾರ ನಮ್ಮ ಬೆಟ್ಟಗಳಲ್ಲಿ ಹೇಗಿರುತ್ತದೆಂಬುದು ನನಗೆ ಹೊಸದಲ್ಲ. ಮನೆಮನೆಯ ಹಿಂದೆ ಜನ ಗುರಿ ಸರಿಮಾಡಿಕೊಳ್ಳುತ್ತಿರುತ್ತಾರೆ. ಒಂದು ಸದ್ದು ಈ ಗುಡ್ಡಕ್ಕೆ ಬಡಿದು ಆ ಗುಡ್ಡದಲ್ಲಿ ಮಾರ್ದನಿಗೊಡುತ್ತದೆ, ಮಕ್ಕಳು ಅದನ್ನು ಲೆಕ್ಕಿಸದೆ ಆಡುತ್ತಿರುತ್ತಾರೆ. ನಾನೂ ಎಂದೂ ಲೆಕ್ಕಿಸಿದವಳಲ್ಲ. ಅಂದು ಮಾತ್ರ ಪ್ರತಿ ಸದ್ದಿಗೂ ಹೋಬರ್ಟ್ ಗಾಡಿ ನಿಲ್ಲಿಸಿ, ಕಿಟಕಿ ಇಳಿಸಿ, ಉಸಿರು ಬಿಗಿಹಿಡಿದು ಕೂರುತ್ತಿದ್ದ. ಅವನು ಕಾಯುತ್ತಿದ್ದುದು ಸದ್ದಿನ ಬಳಿಕ ಬರಬಹುದಾದ ಮನುಷ್ಯರ ಕೂಗಿಗೆ. ಕೂಗು ಬರುತ್ತಿರಲಿಲ್ಲ; ಎರಡನೆಯ ಗುಂಡು ಹಾರುತ್ತಿತ್ತು. ಎರಡನೆಯದು ಹಾರಿತೆಂದರೆ ಮೊದಲನೆಯದರಲ್ಲಿ ಯಾರೂ ಸಾಯಲಿಲ್ಲ ಎಂದರ್ಥ. ಅವನು ಉಸಿರುಬಿಟ್ಟು ಗಾಡಿ ನಡೆಸುತ್ತಿದ್ದ. ಸ್ವಲ್ಪ ಹೊತ್ತಿಗೆ ನಾನೂ ಹಾಗೆಯೇ ಉಸಿರಾಡಲು ಕಲಿತಿದ್ದೆ. ಕೋಟಿನ ಜೇಬಿನಲ್ಲಿದ್ದ ಅಗುಳಿಯನ್ನು ಅವನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಒಂದು ಕಣಿವೆಯಲ್ಲಿ ನಾಯಿ ಅಟ್ಟಿತು, ಇನ್ನೊಂದರಲ್ಲಿ ಸರ್ಕಾರದವರೆಂದುಕೊಂಡು ಬಾಗಿಲು ಹಾಕಿದರು. ಮೂರನೆಯದರ ಬಾಯಲ್ಲಿ ಸೌದೆ ಒಡೆಯುತ್ತಿದ್ದವನು, "ಕೆಂಪು ಟೊಪ್ಪಿನಾ? ಡ್ರೀಮಾ ಇರಬೇಕು, ಮುದುಕ ಗ್ರೋವರನ ಮಗಳು. ಮೇಲಿನ ಕೊನೇ ಮನೆ" ಎಂದ.

ದಾರಿ ಮುಗಿದಲ್ಲಿ ಗಾಡಿ ಬಿಟ್ಟು ಹೊಳೆಯ ಕಲ್ಲುಗಳ ಮೇಲೆ ದಾಟುತ್ತಿದ್ದೆವು. ಆಗ ಮನೆಯ ಹಿಂದಿನಿಂದ ಸದ್ದು ಬಂತು. ಅದು ಬೇರೆ ಸದ್ದು. ಗುಂಡಿನ ಸದ್ದಿಗೆ ಒಂದು ತುದಿಯಿರುತ್ತದೆ. ಇದಕ್ಕೆ ಇರಲಿಲ್ಲ, ಒದ್ದೆ ಹಲಗೆ ಸೀಳಿದ ಹಾಗೆ. ಬೆನ್ನಿಗೇ ಹೆಂಗಸೊಬ್ಬಳ ಕೂಗು.

ಎರಡನೆಯ ಗುಂಡು ಹಾರಲಿಲ್ಲ.

ಹೋಬರ್ಟ್ ಓಡಿದ. ಆ ಸೊಂಟ ಹೊತ್ತು, ಅಡ್ಡಡ್ಡವಾಗಿ, ನೀರಿನಲ್ಲಿ ಬಿದ್ದು ಎದ್ದು, ಕೋಟಿನಿಂದ ನೀರು ಸುರಿಸುತ್ತ ಓಡಿದ. ಅವನ ಬಾಯಿಂದ ಬರುತ್ತಿದ್ದುದು ಅವನ ತಮ್ಮನ ಹೆಸರು. ನಾನು ಹಿಂದಿನಿಂದ ಹೋಗುವಷ್ಟರಲ್ಲಿ ಅವನು ಮನೆಯ ಮೂಲೆಯಲ್ಲಿ ಗೋಡೆ ಹಿಡಿದು ನಿಂತುಬಿಟ್ಟಿದ್ದ, ಆಚೆ ನೋಡಲು ಧೈರ್ಯವಿಲ್ಲದೆ. ನಾನೇ ಇಣುಕಿದೆ.

ಹಿತ್ತಲಿನಲ್ಲಿ ಲಾರಿಯ ಹಳೆಯ ಟೈರೊಂದಕ್ಕೆ ಬಂದೂಕನ್ನು ಹಗ್ಗದಿಂದ ಬಿಗಿದು ಕಟ್ಟಿತ್ತು. ಅದರ ಮರದ ಹಿಡಿ ಎರಡು ಸೀಳಾಗಿತ್ತು, ಹಿಂಬಾಯಿಯಿಂದ ಹೊಗೆ ಏಳುತ್ತಿತ್ತು. ಬಂದೂಕಿನ ಕುದುರೆಗೆ ಕಟ್ಟಿದ ಮೀನು ಹಿಡಿಯುವ ದಾರ ಹುಲ್ಲಿನ ಮೇಲೆ ಹಾಯ್ದು ದೊಡ್ಡದೊಂದು ಓಕ್ ಮರದ ಹಿಂದಕ್ಕೆ ಹೋಗಿತ್ತು. ಮರದ ಹಿಂದೆ, ದಾರದ ತುದಿ ಬೆರಳಿಗೆ ಸುತ್ತಿಕೊಂಡು, ಕುರ್ಚಿಯಲ್ಲಿ ಕೂತಿದ್ದ ಬೊಚ್ಚುಬಾಯಿಯ ಮುದುಕ. ಅವನ ಬೆನ್ನಿಗೆ ಡ್ರೀಮಾ, ಎರಡೂ ಕೈ ಬಾಯಿಗೆ ಒತ್ತಿಕೊಂಡು.

"ಯಾರು?" ಎಂದ ಗ್ರೋವರ್, ನಮ್ಮನ್ನು ಕಂಡು.

ಹೋಬರ್ಟ್ ಜೇಬಿನಿಂದ ಅಗುಳಿ ತೆಗೆದು ಅವನ ಮಡಿಲಲ್ಲಿಟ್ಟ. ಮುದುಕ ಅಂಕಿಯ ಮೇಲೆ ಹೆಬ್ಬೆರಳು ಆಡಿಸಿದ. ಅರ್ಥವಾಯಿತು.

ಡ್ರೀಮಾ ಹೋಬರ್ಟನ ಕಡೆಯೇ ನೋಡುತ್ತಿದ್ದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸಿತು. "ನಾನು ಬೆಳಿಗ್ಗೆಯಿಂದ ಜಗಳ ಆಡ್ತಿದ್ದೆ ಮಾವಾ. ಆ ಉಗುರಿನ ಮಾವ ನೋಡಿಕೊಟ್ಟಿದ್ದಾರೆ, ಸುಮ್ನೆ ಹಾರಿಸಪ್ಪ ಅಂತ. ಕೇಳ್ಲಿಲ್ಲ. ಹಂಗಾದ್ರೆ ನಾನೇ ಹಾರಿಸಿ ತೋರಿಸ್ತೀನಿ ಅಂತ ಕೈಗೆ ತಗೊಂಡಿದ್ದೆ. ಕಿತ್ಕೊಂಡ."

"ಮೇಳದ ಮಾಲು" ಎಂದ ಗ್ರೋವರ್, ದಾರವನ್ನು ಬೆರಳಿನಿಂದ ಬಿಚ್ಚುತ್ತ. "ಅದನ್ನ ಮೊದಲನೇ ಸಲಕ್ಕೇ ಕೆನ್ನೆಗೆ ಒತ್ಕೊಳ್ಳೋಕೆ ನಂಗೇನು ಹುಚ್ಚಾ? ಯಾರು ನೋಡಿದ್ರೇನು, ಕೆನ್ನೆ ನಂದು."

ಹೋಬರ್ಟ್ ಒದ್ದೆ ಕೋಟಿನಲ್ಲಿ ಹುಲ್ಲಿನ ಮೇಲೆ ಕೂತ. ಎಡಗೈ ಹೆಬ್ಬೆರಳನ್ನು ಬಲಮುಷ್ಟಿಯೊಳಗೆ ಅಡಗಿಸಿ ಹಿಡಿದಿದ್ದ. ಡ್ರೀಮಾ ಕಾಫಿ ತಂದಳು. ಅವನು ಕುಡಿಯಲಿಲ್ಲ. ಗಾಡಿಗೆ ವಾಪಸು ಹೋಗಿ, ಆಸನದ ಹಿಂದೆ ಸದಾ ಇರುತ್ತಿದ್ದ ತನ್ನ ಸ್ವಂತ ಬಂದೂಕನ್ನು, ಯಾರು ಎಷ್ಟು ಕೇಳಿದರೂ ಕೊಡದಿದ್ದುದನ್ನು, ತಂದು ಮುದುಕನ ಕೈಗಿಟ್ಟ.

"ಶನಿವಾರಕ್ಕೆ" ಎಂದ. ಅಷ್ಟೇ.

ಗ್ರೋವರ್ ಅದನ್ನು ತಿರುಗಿಸಿ ನೋಡಿದ. "ಚೆನ್ನಾಗಿದೆ. ಇದನ್ನೂ ಮೊದಲು ಟೈರಿಗೇ ಕಟ್ತೀನಿ, ಬೇಜಾರು ಮಾಡ್ಕೋಬೇಡ."

"ಕಟ್ಟು" ಎಂದ ಹೋಬರ್ಟ್.

ವಾಪಸು ಬರುವಾಗಲೂ ಗುಡ್ಡಗಳಲ್ಲಿ ಸದ್ದು ನಿಂತಿರಲಿಲ್ಲ. ಅವನು ಪ್ರತಿಯೊಂದಕ್ಕೂ ಗಾಡಿ ನಿಲ್ಲಿಸಿದ. ಮುಗಿಯಿತಲ್ಲ ಹೋಬರ್ಟ್, ಆ ಬಂದೂಕು ಈಗಿಲ್ಲವಲ್ಲ ಎಂದೆ. "ಇಷ್ಟು ವರ್ಷ ಎಷ್ಟು ಜನಕ್ಕೆ ಮನೆಗೆ ಒಯ್ಯಿ ಅಂದಿದೀನಿ ವರ್ನಾ" ಎಂದ. ನಾನೂ ನನ್ನ ಕಡೆಯ ಕಿಟಕಿ ಇಳಿಸಿ ಕಿವಿಗೊಟ್ಟೆ.

ವಸಂತದ ಮೇಳಕ್ಕೆ ಅವನು ಬಂದ. ಭಾನುವಾರ ಇಳಿಹೊತ್ತಿಗೇ ಬಂದ, ಅದೇ ಕೋಟು, ಅದೇ ಅಡ್ಡನಡಿಗೆ. ಬೆಳಕಿನ ಬಿಲ್ಲೆಯನ್ನು ಮೊದಲಿನ ಹಾಗೆಯೇ ಸುತ್ತಿ ಬಂದ. ಉಗುರು ಮಾತ್ರ ಉಳಿದವುಗಳ ಹಾಗೆ ಮೋಟಾಗಿತ್ತು. ಒಬ್ಬ ಬಂದೂಕು ತಂದು ತೋರಿಸಿದ. ಹೋಬರ್ಟ್ ಗಂಟಲು ಸರಿಮಾಡಿಕೊಂಡ, "ಕೇಳಿಲ್ಲಿ" ಎಂದ, ತೀರ್ಪು ಮಾತ್ರ ಕೊಡಲಿಲ್ಲ. ಕೊಳ್ಳುವವನ ಬೆರಳನ್ನೇ ಹಿಡಿದು ನಳಿಗೆಯ ಅಂಕಿಯ ಮೇಲಿಟ್ಟು, ಆಮೇಲೆ ಅಗುಳಿಯ ಅಂಕಿಯ ಮೇಲಿಟ್ಟು, "ನೀನೇ ಓದು, ಜೋರಾಗಿ" ಎಂದ. ಅವನು ಓದಿದ. ಸರಿಯಿತ್ತು. "ಆದ್ರೂ ಮನೇಲಿ ಒಂದು ಹಳೇ ಟೈರು ಹುಡುಕು" ಎಂದ. ಆ ಮನುಷ್ಯ, ಅಜ್ಜನಿಗೆ ವಯಸ್ಸಾಯಿತು ಎನ್ನುವ ಹಾಗೆ ನನ್ನ ಕಡೆ ನೋಡಿ ನಕ್ಕ. ಆಮೇಲಾಮೇಲೆ ಅವನನ್ನು ಕೇಳಲು ಬರುವವರು ಕಡಿಮೆಯಾದರು. ಗಟ್ಟಿಯಾಗಿ ಒಂದು ಮಾತು ಹೇಳದವನನ್ನು ಯಾರು ಕೇಳುತ್ತಾರೆ.

ಎಲ್ಲ ಸಂತೆಯಲ್ಲೂ ಹೀಗೊಬ್ಬ ಇರುತ್ತಾನೆ. ಅವನದೇನೂ ಅಂಗಡಿಯಿರುವುದಿಲ್ಲ, ಮಾರಲು ಏನೂ ಇರುವುದಿಲ್ಲ. ಒಳ್ಳೆಯದು ಯಾವುದು, ಅಗ್ಗ ಯಾವುದು ಎಂದು ಹೇಳುವ ಒಂದು ನಾಲಿಗೆ ಮಾತ್ರ ಇರುತ್ತದೆ, ಅದಕ್ಕೆ ಅವನು ಏನನ್ನೂ ಕೇಳುವುದಿಲ್ಲ, ಆದ್ದರಿಂದಲೇ ಜನ ಅದನ್ನು ತೂಗಿ ನೋಡುವುದಿಲ್ಲ. ಇಂಥವರು ಕೆಟ್ಟವರಲ್ಲ, ತಮಗೆ ಬಿದ್ದ ಪೆಟ್ಟು ಇನ್ನೊಬ್ಬರಿಗೆ ಬೀಳದಿರಲೆಂದು ಬೀದಿಗೆ ಬಂದು ನಿಂತವರು. ಆದರೆ ವಸ್ತುವಿನ ಬೆಲೆ ಇಳಿಸುವ ಉಮೇದಿನಲ್ಲಿ, ತಮ್ಮ ಮಾತಿನ ಬೆಲೆ ಎಷ್ಟಕ್ಕೆ ಏರಿದೆ ಎಂಬುದು ಅವರಿಗೆ ತಿಳಿಯುವುದು ತಡವಾಗಿ. ಜನ ಬಂದೂಕನ್ನು ಕೊಂಡು ಹೋಗಿ, ಅಂಥವರ ಮಾತಿನ ಮೇಲೆ ಕೆನ್ನೆ ಒತ್ತಿ ಕುದುರೆ ಎಳೆಯುತ್ತಾರೆ. ಅದನ್ನು ಒಮ್ಮೆ ಅರಿತವನು ಆಮೇಲೆ ಬೆಟ್ಟದಲ್ಲಿ ಹಾರುವ ಯಾವ ಗುಂಡಿಗೂ ಕಿವಿ ಮುಚ್ಚಿಕೊಳ್ಳಲಾರ. ಎರಡನೆಯ ಸದ್ದು ಬರುವತನಕ ಅವನು ನಿಂತೇ ಇರುತ್ತಾನೆ.